ಮಿಸ್ಸಾಯ್ತು, ಮಿಸ್ ಮಾಡ್ಕೊಂಡೆ, ಮಿಸ್ ಕಾಲ್ ಕೊಟ್ಟೆ

ಬಸ್ಸು ತಪ್ಪಿದ ಹುಡುಗ ಅಂತ ಒಬ್ಬನೂ ಈಗ ನನ್ನ ತರಗತಿಗೆ ತಡವಾಗಿ ಬರುವುದಿಲ್ಲ. ಬರುವವರಿಗೆಲ್ಲ ಬಸ್ಸು ಮಿಸ್ಸಾಗಿರುತ್ತದೆ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷಿನಲ್ಲೇ ಹೇಳು ಅಂದರೆ ಬರುವ ಉತ್ತರ: ‘ಬಸ್ ಮಿಸ್ಡ್, ಮಿಸ್.’ ಕಾರವಾರದ ಶಾಲೆಗಳಲ್ಲಿ ಹಿಂದೆ ಮಾಸ್ತರು, ಅಕ್ಕೋರು ಇದ್ದರು. ಈಗ ಸರ್, ಮಿಸ್ ಇದ್ದಾರೆ. ಹಾಗಾಗಿ ಆ ವಾಕ್ಯದಲ್ಲಿ ಎರಡು ಮಿಸ್ಸುಗಳು. ಒಂದಕ್ಕೊಂದು ನಂಟಿಲ್ಲ. ನನ್ನನ್ನು ಕರೆಯುವ ಮಿಸ್ ‘ಮಿಸ್ಟ್ರೆಸ್’ ಎಂಬುದರ ಮೊಟಕು ರೂಪ, ಬಸ್ಸಿನ ಮಿಸ್ ಬೇರೆಯದೇ ಕುಲದ ಕ್ರಿಯಾಪದ.

‘ಬಸ್ ಮಿಸ್ಡ್’ ಅಂದರೆ ಕೆಂಪು ಶಾಯಿಯಲ್ಲಿ ತಿದ್ದಬೇಕಾದ ವಾಕ್ಯ, ತಿದ್ದುತ್ತೇನೆ ಕೂಡ. ಆದರೆ ಹುಡುಗ ಎಡವಿದ್ದು ಎಲ್ಲಿ ಎಂದು ನೋಡಿದರೆ ಅವನ ಕನ್ನಡ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಮಿಸ್ ಮಾಡುವವರು ಯಾವಾಗಲೂ ನಾವು: ‘ಐ ಮಿಸ್ಡ್ ದಿ ಬಸ್.’ ಬಸ್ಸು ತನ್ನ ಪಾಡಿಗೆ ತಾನು ಹೋಗಿದೆ, ಕರ್ತೃವಿನ ಜಾಗದಲ್ಲಿ ಸಿಕ್ಕಿಬೀಳುವುದು ನಾನು. ಕನ್ನಡದಲ್ಲಿ ತಪ್ಪುವುದು ಬಸ್ಸೇ. ‘ನನಗೆ ಬಸ್ಸು ತಪ್ಪಿತು.’ ನಾನು ಚತುರ್ಥಿ ವಿಭಕ್ತಿಯಲ್ಲಿ ಪಕ್ಕಕ್ಕೆ ನಿಂತಿದ್ದೇನೆ, ಜ್ವರ ಬಂದವರ ಹಾಗೆ, ಸಿಟ್ಟು ಬಂದವರ ಹಾಗೆ. ಆದದ್ದು ನನಗೆ, ಮಾಡಿದ್ದು ನಾನಲ್ಲ.

ಇಂಗ್ಲಿಷಿನ ಈ ಕ್ರಿಯಾಪದವನ್ನು ನಾವು ಎತ್ತಿಕೊಂಡಾಗ ಅದಕ್ಕೆ ನಮ್ಮ ಬಾಲ ಕಟ್ಟಿದೆವು. ಒಂದಲ್ಲ, ಮೂರು ನಾಲ್ಕು. ‘ಕ್ಲಾಸು ಮಿಸ್ಸಾಯ್ತು’ ಅಂದರೆ ಮಳೆ ಬಂದಿತ್ತು, ಹಳ್ಳ ದಾಟುವ ಸಂಕ ಮುಳುಗಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ. ‘ಕ್ಲಾಸು ಮಿಸ್ ಮಾಡಿದ’ ಅಂದರೆ ಬೀಚಿನ ಕಡೆ ಹೋಗಿದ್ದ. ‘ಕ್ಲಾಸು ಮಿಸ್ ಮಾಡ್ಕೊಂಡ’ ಅಂದರೆ ಅವತ್ತು ಪರೀಕ್ಷೆಗೆ ಬರುವ ಪಾಠ ನಡೆದಿತ್ತು, ಪಾಪ, ನಷ್ಟ ಅವನದ್ದೇ. ಮೂರಕ್ಕೂ ಇಂಗ್ಲಿಷಿನಲ್ಲಿ ‘ಹಿ ಮಿಸ್ಡ್ ದಿ ಕ್ಲಾಸ್’ ಎಂಬ ಒಂದೇ ವಾಕ್ಯ ಸಾಕಾಗುತ್ತದೆ. ತಪ್ಪು ಯಾರದ್ದು, ನಷ್ಟ ಯಾರಿಗೆ ಎಂಬ ತೀರ್ಪನ್ನು ಕನ್ನಡ ಆ ಬಾಲದಲ್ಲೇ ಕೊಟ್ಟು ಮುಗಿಸಿರುತ್ತದೆ. ಕನ್ನಡ ಕೆಟ್ಟುಹೋಯಿತು, ಎಲ್ಲ ಇಂಗ್ಲಿಷ್ ಶಬ್ದವೇ ತುಂಬಿತು ಎಂದು ಕೊರಗುವವರು ನನ್ನ ಸ್ಟಾಫ್ ರೂಮಿನಲ್ಲೂ ಇದ್ದಾರೆ. ಅವರ ಜೊತೆ ನನ್ನದು ಇಷ್ಟೇ ತಕರಾರು: ಶಬ್ದ ಬಂದಿರಬಹುದು, ಅದರಿಂದ ಕೆಲಸ ಮಾಡಿಸುತ್ತಿರುವುದು ‘ಆಗು’, ‘ಮಾಡು’, ‘ಕೊಳ್ಳು’.

ಹಾಗಂತ ‘ತಪ್ಪು’ ಎಂಬ ಒಳ್ಳೆಯ ಕ್ರಿಯಾಪದವನ್ನು ಮೂಲೆಗಿಟ್ಟದ್ದು ನನಗೇನೂ ಇಷ್ಟವಿಲ್ಲ. ಯಾಕೆಂದರೆ ಇಲ್ಲಿ ಒಂದು ಸ್ವಾರಸ್ಯ ಇದೆ.

ನಮ್ಮ ಕಾರವಾರದಲ್ಲಿ ಕೊಂಕಣಿ ಕೇಳದೆ ಒಂದು ದಿನವೂ ಹೋಗುವುದಿಲ್ಲ. ರೈಲು ತಪ್ಪಿದರೆ ‘ಗಾಡಿ ಚುಕ್ಲಿ’ ಎನ್ನುತ್ತಾರೆ. ಇಲ್ಲಿ ಅದಕ್ಕೊಂದು ಹಂಗಾಮೇ ಉಂಟು. ಮಳೆಗಾಲ ಹಿಡಿಯಿತು ಎಂದರೆ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ. ಗುಡ್ಡ ಕಡಿದು ಹಾಕಿದ ಹಳಿ, ಎಲ್ಲಿ ಮಣ್ಣು ಕುಸಿಯುತ್ತದೋ ಗೊತ್ತಿಲ್ಲ, ಹಾಗಾಗಿ ಗಾಡಿಗಳ ವೇಗ ಇಳಿಸುತ್ತಾರೆ. ಮತ್ಸ್ಯಗಂಧದಂಥ ಗಾಡಿ ಮಂಗಳೂರಿನಿಂದಲೇ ಬೇಗ ಹೊರಡುತ್ತದೆ. ಬೇಸಿಗೆಯ ವೇಳೆಯನ್ನು ಬಾಯಿಪಾಠ ಮಾಡಿಕೊಂಡವರು ಜೂನ್ ತಿಂಗಳಲ್ಲಿ ಶಿರವಾಡದ ಸ್ಟೇಷನ್ನಿಗೆ ರಿಕ್ಷಾ ಮಾಡಿಕೊಂಡು ಹೋಗಿ ಖಾಲಿ ಪ್ಲಾಟ್‌ಫಾರ್ಮ್ ನೋಡುತ್ತಾರೆ. ಚುಕ್ಲಿ. ಕೊಂಕಣಿಯಲ್ಲಿ ‘ಚೂಕ್’ ಅಂದರೆ ದೋಷ. ಅಂದರೆ ರೈಲು ಕೈತಪ್ಪುವುದಕ್ಕೂ ಲೆಕ್ಕ ತಪ್ಪಾಗುವುದಕ್ಕೂ ಅವರಲ್ಲಿ ಒಂದೇ ಬೇರು, ನಮ್ಮ ‘ತಪ್ಪು’ವಿನ ಹಾಗೆಯೇ.

ಇಂಗ್ಲಿಷಿನಲ್ಲೂ ಅದೇ ಕಥೆ! ಹಳೆಯ ಇಂಗ್ಲಿಷಿನಲ್ಲಿ ‘ಮಿಸ್ಸನ್’ ಎಂದಿದ್ದ ಕ್ರಿಯಾಪದಕ್ಕೆ ಗುರಿ ತಗಲದೆ ಹೋಗು ಎಂಬ ಅರ್ಥ. ಬಾಣ ಬಿಟ್ಟವನ ಮಾತು ಅದು. ಮಿಸ್‌ಡೀಡ್, ಮಿಸ್‌ಟೇಕ್ ಎಂಬ ಶಬ್ದಗಳ ಮುಂದೆ ಕೂತ ‘ಮಿಸ್’ ಅದರ ಒಡಹುಟ್ಟಿದ್ದು. ಕೆಟ್ಟದ್ದು, ಸರಿಯಲ್ಲದ್ದು ಎಂದು ಅದರ ಅರ್ಥ. ಗುರಿ ತಪ್ಪಿದ್ದು ಮತ್ತು ನಡತೆ ತಪ್ಪಿದ್ದು ಅಲ್ಲಿಯೂ ಒಂದೇ ಮನೆಯವು. ದ್ರಾವಿಡದ ಕನ್ನಡ, ಆರ್ಯಭಾಷೆಯಾದ ಕೊಂಕಣಿ, ಸಮುದ್ರದಾಚೆಯ ಇಂಗ್ಲಿಷ್, ಮೂರೂ ಬೇರೆ ಬೇರೆ ದಾರಿಯಲ್ಲಿ ಬಂದು ಇದೊಂದು ಜಾಗದಲ್ಲಿ ಕೂಡಿವೆ. (ಮಿಶನ್, ಮಿಸೈಲ್, ಡಿಸ್ಮಿಸ್ ಇವುಗಳಲ್ಲಿ ಕಾಣುವ ಮಿಸ್ ಮಾತ್ರ ಈ ಮನೆಯದಲ್ಲ, ಲ್ಯಾಟಿನ್ನಿನ ‘ಕಳಿಸು’ ಎಂಬ ಧಾತುವಿನದ್ದು. ಅರ್ಗಾದ ನೌಕಾನೆಲೆ ಪಕ್ಕದಲ್ಲೇ ಇರುವುದರಿಂದ ನಮ್ಮ ಮಕ್ಕಳಿಗೆ ಮಿಸೈಲ್ ಬಗ್ಗೆ ಬಲು ಆಸಕ್ತಿ. ‘ಮಿಸ್ಸಾಗಬಾರದ್ದಕ್ಕೆ ಮಿಸೈಲ್ ಅಂತ ಯಾಕೆ ಹೆಸರು?’ ಎಂದು ಕೇಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ.)

ಕನ್ನಡದ ‘ತಪ್ಪು’ವಿಗೆ ಇನ್ನೊಂದು ಮುಖ ಇದೆ, ಪಾರಾಗುವುದು. ದೇವಿಮನೆ ಘಟ್ಟದ ತಿರುವಿನಲ್ಲಿ ಎದುರಿನಿಂದ ಲಾರಿ ಬಂತು, ಡ್ರೈವರ್ ಒತ್ತಿ ಹಿಡಿದ, ಬಸ್ಸಿನವರೆಲ್ಲ ಉಸಿರು ಬಿಟ್ಟು ಹೇಳಿದರು: ‘ಸ್ವಲ್ಪದರಲ್ಲಿ ತಪ್ಪಿತು.’ ಅದೇ ಬಸ್ಸನ್ನು ಹಿಡಿಯಲು ಓಡಿ ಬಂದು ಹಿಂದಿನ ದೀಪ ನೋಡಿದವನೂ ಹೇಳುತ್ತಾನೆ: ‘ಸ್ವಲ್ಪದರಲ್ಲಿ ತಪ್ಪಿತು.’ ಒಂದರಲ್ಲಿ ಸಮಾಧಾನ, ಒಂದರಲ್ಲಿ ಹೊಟ್ಟೆಯುರಿ. ಇಂಗ್ಲಿಷಿನ ‘ನಿಯರ್ ಮಿಸ್’ ಇವೆರಡರಲ್ಲಿ ಮೊದಲನೆಯದಕ್ಕೇ ಹೆಚ್ಚಾಗಿ ಸಲ್ಲುತ್ತದೆ.

ಊರಿಗೆ ಹೋದರೆ, ನಮ್ಮದು ಶಿರಸಿ ಕಡೆಯ ಹಳ್ಳಿ, ತಪ್ಪು ಇನ್ನೂ ಜೀವಂತ ಇರುವುದು ತೋಟದಲ್ಲಿ. ಕೊನೆ, ಅಂದರೆ ಅಡಕೆಯ ಗೊನೆ, ಕೊಯ್ಯುವ ದಿನ ನೋಡಬೇಕು. ಮರದ ತುದಿಯಲ್ಲಿ ಕೂತ ಕೊನೆಗೌಡ ಅಡಕೆಯ ಕೊನೆ ಕೊಯ್ದು ಹಗ್ಗದಲ್ಲಿ ಜಾರಿಬಿಡುತ್ತಾನೆ. ಕೆಳಗೆ ಹಗ್ಗದ ತುದಿ ಹಿಡಿದು ದೂರಕ್ಕೆ ಎಳೆದು ನಿಂತವನು ಅದನ್ನು ಬರಮಾಡಿಕೊಳ್ಳಬೇಕು. ಸರ್ರನೆ ಬರುವ ಭಾರವನ್ನು ಕೈಯಲ್ಲಿ ತಡೆದು, ಅಡಕೆ ಚೆಲ್ಲಾಪಿಲ್ಲಿ ಆಗದಂತೆ ನೆಲಕ್ಕೆ ಮುಟ್ಟಿಸಿ, ಹಗ್ಗ ಸಡಿಲ ಬಿಟ್ಟರೆ ಮೇಲಿನವನು ಮುಂದಿನ ಕೊನೆಗೆ ಕತ್ತಿ ಹಾಕುತ್ತಾನೆ. ಆ ಮಧ್ಯೆ ಒಂದು ಸಲ ಹಿಡಿತ ತಪ್ಪಿತೋ, ಅಡಕೆ ಅರ್ಧ ತೋಟಕ್ಕೆ, ಇನ್ನರ್ಧ ಹಳ್ಳಕ್ಕೆ. ‘ಹಿಡಿತ ಮಿಸ್ಸಾಯ್ತು’ ಅಂತ ಅಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಯಕ್ಷಗಾನದ ರಂಗದ ಮೇಲೂ ಹಾಗೆಯೇ, ತಾಳ ತಪ್ಪುತ್ತದೆ, ಹೆಜ್ಜೆ ತಪ್ಪುತ್ತದೆ.

ಆದರೆ ಅದೇ ತೋಟದಲ್ಲಿ ಕೊಳೆರೋಗದ ಔಷಧಿಯ ಮಾತು ಬಂದಾಗ ಶಬ್ದ ಬದಲಾಗುತ್ತದೆ. ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ, ಮೈಲುತುತ್ತ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಕೊನೆಗಳ ಮೇಲೆ ಬೀಳಲೇಬೇಕು. ಆಷಾಢದ ಮಳೆ ಎಡೆಬಿಡದೆ ಹೊಡೆದು ಎರಡನೆಯದಕ್ಕೆ ಹೊಳವು ಸಿಗದಿದ್ದರೆ ಎಳೆ ಅಡಕೆ ಕೊಳೆತು ಬುಡದಲ್ಲಿ ಉದುರಿ ಬಿದ್ದಿರುತ್ತದೆ. ‘ಎರಡನೇ ಔಷಧಿ ಮಿಸ್ಸಾಯ್ತು ನೋಡಿ’ ಎಂದೇ ಈಗ ಎಲ್ಲರೂ ಹೇಳುವುದು. ಡಾಕ್ಟರ್ ಹತ್ತಿರ ‘ಒಂದು ಡೋಸ್ ಮಿಸ್ಸಾಯ್ತು’ ಅನ್ನುವ ಮಾತಿನಿಂದ ಬಂದಿರಬೇಕು. ನನ್ನ ಊಹೆ ಏನೆಂದರೆ, ಕೈ, ಕಾಲು, ಕಣ್ಣು, ಕಿವಿಯ ಕೆಲಸಕ್ಕೆ ತಪ್ಪು ಉಳಿದುಕೊಂಡಿದೆ; ತಾರೀಖು, ಸಮಯ, ಟಿಕೆಟ್ಟು, ಡೋಸು ಇರುವಲ್ಲಿಗೆ ಮಿಸ್ ಬಂದು ಕೂತಿದೆ. ಕೈತಪ್ಪಿ ಬಿತ್ತು, ಬಾಯಿತಪ್ಪಿ ಬಂತು, ಎಚ್ಚರ ತಪ್ಪಿತು. ಇಲ್ಲೆಲ್ಲ ಮಿಸ್ ಹಾಕಿ ನೋಡಿ, ಹೊಂದುವುದಿಲ್ಲ.

ಇನ್ನು ಸ್ಪೆಲ್ಲಿಂಗು. ಎಂ, ಐ, ಎಸ್, ಎಸ್. ಮಕ್ಕಳು ಎರಡನೇ ಎಸ್ ನುಂಗುತ್ತಾರೆ. ಅದೇ ಮಕ್ಕಳು ಬಸ್ಸಿಗೆ ಒಂದೇ ಎಸ್ ಸಾಕಾಗುವಲ್ಲಿ ಎರಡು ಹಾಕುತ್ತಾರೆ. ಹಾಕಿದ್ದು ಯಾಕೆಂದು ಅವರ ಕಿವಿಗೆ ಗೊತ್ತು. ಕನ್ನಡದಲ್ಲಿ ಒಂದೇ ಹ್ರಸ್ವ ಇರುವ ಶಬ್ದಕ್ಕೆ ಉಕಾರ ಸೇರುವಾಗ ಕೊನೆಯ ವ್ಯಂಜನ ಇಮ್ಮಡಿಯಾಗುತ್ತದೆ: ಕಣ್ ಎಂಬುದು ಕಣ್ಣು, ಕಲ್ ಎಂಬುದು ಕಲ್ಲು. ದೀರ್ಘ ಇದ್ದರೆ ಆಗುವುದಿಲ್ಲ: ಕಾಲು, ಮೀನು. ಹೊರಗಿನಿಂದ ಬಂದ ಶಬ್ದಗಳಿಗೂ ಇದೇ ಕಾನೂನು ಹಚ್ಚಿದ್ದೇವೆ. ಬಸ್ಸು, ಪೆನ್ನು, ಆದರೆ ಕಾರು, ಪಾಸು. ಪಾಸಾಯ್ತು ಎನ್ನುತ್ತೇವೆ, ಮಿಸ್ಸಾಯ್ತು ಎನ್ನುತ್ತೇವೆ. ಪಾಸಿಗೂ ಇಂಗ್ಲಿಷಿನಲ್ಲಿ ಎರಡು ಎಸ್ ಉಂಟು, ನಾವು ಅದಕ್ಕೆ ಸೊಪ್ಪು ಹಾಕಲಿಲ್ಲ. ಹಾಗಾಗಿ ತರಗತಿಯಲ್ಲಿ ನಾನು ಹೇಳಿಕೊಡುವ ಉಪಾಯ ಸಣ್ಣದು: ಮಿಸ್ಸಾಯ್ತು ಅಂತ ಬಾಯಲ್ಲಿ ಹೇಳು, ಕೇಳಿದಷ್ಟು ಎಸ್ ಬರೆ. ಬಸ್ಸಿಗೆ ಈ ಉಪಾಯ ನಡೆಯುವುದಿಲ್ಲ ಎಂಬುದನ್ನು ಕೂಡಲೇ ಸೇರಿಸಬೇಕಾಗುತ್ತದೆ.

ಮುಂದೆ ಕೂರುವ ‘ಮಿಸ್’ ಒಂದೇ ಎಸ್ಸಿನದ್ದು: ಮಿಸ್‌ಟೇಕ್, ಮಿಸ್‌ಯೂಸ್. ಆದರೆ ಸ್ಪೆಲ್ಲಿಂಗ್ ತಪ್ಪಾಗಿ ಬರೆಯುವುದಕ್ಕೆ ಇರುವ ‘ಮಿಸ್‌ಸ್ಪೆಲ್’ ಶಬ್ದದಲ್ಲಿ ಆ ಒಂದು ಎಸ್ಸಿನ ಜೊತೆಗೆ ಸ್ಪೆಲ್ಲಿನ ಎಸ್ ಸೇರಿ ಎರಡಾಗುತ್ತದೆ. ಇಂಗ್ಲಿಷಿನಲ್ಲಿ ಜನ ಹೆಚ್ಚಾಗಿ ತಪ್ಪು ಬರೆಯುವ ಶಬ್ದಗಳಲ್ಲಿ ಅದೂ ಒಂದು. ಭೂತಕಾಲದ್ದು ಇನ್ನೊಂದು ಫಜೀತಿ. ಬರೆಯುವುದು ಇ-ಡಿ, ಉಚ್ಚಾರ ‘ಮಿಸ್ಟ್’. ಎಸ್ ಅಘೋಷ, ಅದರ ಹಿಂದೆ ಬಂದ ಡಕಾರವೂ ಟಕಾರವಾಗುತ್ತದೆ. ಘಟ್ಟದಲ್ಲಿ ಬೆಳಿಗ್ಗೆ ಕವಿಯುವ ಮಂಜಿಗೂ ಇಂಗ್ಲಿಷಿನಲ್ಲಿ ಇದೇ ಉಚ್ಚಾರ. ಡಿಕ್ಟೇಶನ್ನಿನಲ್ಲಿ ಇವೆರಡನ್ನೂ ಕೊಟ್ಟರೆ ಮಕ್ಕಳು ನನ್ನನ್ನು ಶಪಿಸುತ್ತಾರೆ, ನ್ಯಾಯವಾಗಿಯೇ.

ನಾವು ಆ ಇ-ಡಿಯನ್ನು ಕಿತ್ತೇ ಹಾಕಿದ್ದು ಮೊಬೈಲ್ ಬಂದ ಮೇಲೆ. ಮಿಸ್ಡ್ ಕಾಲ್ ಅಲ್ಲ, ಮಿಸ್ ಕಾಲ್. 2003ರಲ್ಲಿ ಒಳಬರುವ ಕರೆಗೆ ದುಡ್ಡು ಇಲ್ಲ ಎಂದಾದದ್ದೇ ತಡ, ಕರೆ ಮಾಡುವವನ ಜೇಬು ಮಾತ್ರ ಖರ್ಚಾಗುವಂತಾಯಿತು. ಅಲ್ಲಿಂದ ಈ ದೇಶ ಕಂಡುಹಿಡಿದದ್ದು ಒಂದು ಹೊಸ ಕ್ರಿಯೆ. ಇಂಗ್ಲಿಷಿನ ಮಿಸ್ಡ್ ಕಾಲ್ ಎಂದರೆ ಫೋನು ಹೊಡೆದುಕೊಂಡಿತು, ಎತ್ತಬೇಕಾದವನು ಎತ್ತಲಿಲ್ಲ. ಲೋಪ ಇದ್ದರೆ ಅವನದ್ದು. ನಮ್ಮ ಮಿಸ್ ಕಾಲ್ ಕೊಡುವ ವಸ್ತು. ಕೊಡುವವನು ಬೇಕೆಂದೇ ಕೊಡುತ್ತಾನೆ, ತೆಗೆದುಕೊಳ್ಳುವವನು ಎತ್ತಕೂಡದು. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಒಂದು ಮಿಸ್ ಕಾಲ್ ಕೊಟ್ಟರೆ ಮನೆಯಿಂದ ಬೈಕು ಹೊರಡುತ್ತದೆ. ಎರಡು ಕೊಟ್ಟರೆ ತಿರುಗಿ ಮಾಡು ಎಂದರ್ಥ. ಯಾರಾದರೂ ಗಡಿಬಿಡಿಯಲ್ಲಿ ಹಸಿರು ಗುಂಡಿ ಒತ್ತಿದರೆ ಈ ಕಡೆಯಿಂದ ಬೈಗುಳ: ‘ಮಿಸ್ ಕಾಲ್ ಎತ್ತಿದ್ಯಲ್ಲ ಮಾರಾಯ!’ ಎತ್ತಿದ ಮೇಲೆ ಅದು ಮಿಸ್ ಹೇಗಾಯಿತು ಎಂದು ಯಾವ ಇಂಗ್ಲಿಷ್ ಮಾಸ್ತರೂ ಕೇಳಲು ಹೋಗಬಾರದು. ಕರೆಗೆ ದುಡ್ಡಿಲ್ಲದ ಕಾಲ ಬಂದಿದೆ, ಆದರೂ ಮಿಸ್ ಕಾಲ್ ಸತ್ತಿಲ್ಲ. ಬ್ಯಾಂಕಿನ ಬ್ಯಾಲೆನ್ಸ್ ನೋಡಲು, ಸಿಲಿಂಡರ್ ಬುಕ್ ಮಾಡಲು ಮಿಸ್ ಕಾಲ್ ಕೊಡಿ ಎಂದು ಕಂಪನಿಗಳೇ ಕೇಳುತ್ತಿವೆ.

ಪೆನ್ನು ಕಳೆದುಹೋದ ಹುಡುಗಿ ‘ಮೈ ಪೆನ್ ಈಸ್ ಮಿಸ್ಡ್’ ಎಂದು ಬರೆಯುತ್ತಾಳೆ. ‘ಪೆನ್ನು ಮಿಸ್ಸಾಗಿದೆ’ ಎಂಬ ಕನ್ನಡ ಅದರ ಅಡಿಯಲ್ಲಿದೆ. ಇಂಗ್ಲಿಷಿನವರಿಗೆ ಅದು ‘ಪೆನ್ನಿನ ನೆನಪು ಕಾಡುತ್ತಿದೆ’ ಎಂಬಂತೆ ಕೇಳಿಸೀತು. ಅವರು ‘ಮಿಸ್ಸಿಂಗ್’ ಎನ್ನುತ್ತಾರೆ. ಕಳೆದುಹೋಗಿ ವಾರವಾದರೂ, ಪೆನ್ನು ಏನೂ ಮಾಡದೆ ಎಲ್ಲೋ ಬಿದ್ದಿದ್ದರೂ, ಅದು ಈಗಲೂ ನಡೆಯುತ್ತಿರುವ ಕ್ರಿಯೆ. ಈ ವ್ಯಾಕರಣ ವಿಚಿತ್ರ ಎಂದು ಬಹಳ ಕಾಲ ಅನ್ನಿಸುತ್ತಿತ್ತು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಜರಿದು ಗಂಗಾವಳಿಗೆ ಬಿತ್ತು. ಚಹಾದಂಗಡಿ, ನಿಂತಿದ್ದ ಲಾರಿ, ಜನ, ಎಲ್ಲ ಹೋಯಿತು. ನದಿಯೊಳಗೆ ಸಿಕ್ಕ ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರಿನಲ್ಲಿ. ಅಷ್ಟು ದಿನ ಪತ್ರಿಕೆಯಲ್ಲಿ ‘ನಾಪತ್ತೆ’, ‘ಕಣ್ಮರೆ’ ಎಂದು ಬರುತ್ತಿತ್ತು, ಟೀವಿಯಲ್ಲಿ ‘ಮಿಸ್ಸಿಂಗ್’ ಎಂದು ಓಡುತ್ತಿತ್ತು. ನಮ್ಮ ಕಡೆಯ ಬಸ್ಸುಗಳಲ್ಲಿ, ಮೀನು ಮಾರುಕಟ್ಟೆಯಲ್ಲಿ ಜನ ಆಡಿದ್ದು ಬೇರೆಯೇ ಮಾತು: ‘ಇನ್ನೂ ಸಿಕ್ಕಿಲ್ಲ.’ ಯಾರ ಬಾಯಲ್ಲೂ ‘ಮಿಸ್ಸಾದರು’ ಎಂದು ಬರಲಿಲ್ಲ. ಹಾಗೆ ಹೇಳಿದರೆ ವಾಕ್ಯ ಅಲ್ಲಿಗೆ ಮುಗಿದುಹೋಗುತ್ತಿತ್ತು. ಸಿಕ್ಕಿಲ್ಲ ಎಂದರೆ ಹುಡುಕಾಟ ನಡೆದಿದೆ ಎಂದಾಯಿತು. ಇಂಗ್ಲಿಷಿನ ಆ ‘ಇಂಗ್’ ಯಾಕೆ ಅಲ್ಲಿದೆ ಎಂದು ನನಗೆ ಹೊಳೆದದ್ದು ಆಗ. ಅದು ಕಳೆದುಹೋದವರ ಕ್ರಿಯೆ ಅಲ್ಲವೇ ಅಲ್ಲ, ಕಾಯುತ್ತಿರುವವರ ಲೆಕ್ಕ.

ಉಳಿದದ್ದು ‘ಮಿಸ್ ಯೂ’. ಬಸ್ಸಿನ ಮಿಸ್ಸಿಗೆ ನಮ್ಮಲ್ಲಿ ತಪ್ಪು ಇತ್ತು, ಇದಕ್ಕೆ ಹೀಗೆ ಒಂದೇ ಏಟಿನ ಕ್ರಿಯಾಪದ ಇರಲಿಲ್ಲ ಎಂಬುದನ್ನು ಒಪ್ಪಬೇಕು. ಇಂಗ್ಲಿಷಿನಲ್ಲೂ ಈ ಅರ್ಥ ಬಾಣದ ಅರ್ಥದ ಹಿಂದಿನಿಂದ ಬಂದು ಸೇರಿಕೊಂಡದ್ದು. ಕೈಗೆ ಸಿಗದೇ ಹೋದದ್ದು, ಆಮೇಲೆ ಇಲ್ಲ ಎಂದು ಗೊತ್ತಾದದ್ದು, ಆಮೇಲೆ ಇಲ್ಲವಲ್ಲ ಎಂದು ನೋವಾದದ್ದು. ‘ಐ ಮಿಸ್ ಯೂ’ ವಾಕ್ಯದಲ್ಲೂ ಕರ್ತೃ ನಾನೇ. ಫ್ರೆಂಚರು ಮಾತ್ರ ನಮ್ಮ ಹಾಗೆ ತಿರುಗಿಸಿ ಹೇಳುತ್ತಾರಂತೆ, ನೀನು ನನಗೆ ಕೊರತೆಯಾಗಿದ್ದೀ ಎಂಬ ಧಾಟಿಯಲ್ಲಿ.

ನಮ್ಮವರು ಏನು ಹೇಳುತ್ತಿದ್ದರು? ನಾನು ಹಾಸ್ಟೆಲ್ಲಿನಲ್ಲಿದ್ದಾಗ ಆಯಿ, ಅಂದರೆ ಅಮ್ಮ, ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ‘ನಿನ್ನ ನೆನಪಾಗುತ್ತದೆ’ ಎಂಬ ವಾಕ್ಯ ಹುಡುಕಿದರೂ ಸಿಗುವುದಿಲ್ಲ. ಹಲಸಿನಕಾಯಿ ಹಪ್ಪಳ ಮಾಡಿ ಆಯಿತು, ನಿನಗೆ ಒಂದು ಡಬ್ಬ ಎತ್ತಿಟ್ಟಿದ್ದೇನೆ. ನೀನು ಹೋದ ಮೇಲೆ ಕೆಂಪಿ ಎರಡು ಹೊತ್ತು ಹುಲ್ಲು ಮುಟ್ಟಲಿಲ್ಲ. ಜಗಲಿ ಬಿಕೋ ಅನ್ನುತ್ತದೆ. ದನ, ಜಗಲಿ, ಹಪ್ಪಳದ ಡಬ್ಬ ಎಲ್ಲವೂ ನನ್ನನ್ನು ಮಿಸ್ ಮಾಡುತ್ತಿದ್ದವು, ಆಯಿ ಒಬ್ಬಳನ್ನು ಬಿಟ್ಟು. ಹಾಗೆ ಬರೆಯುವುದು ಭಾಷೆಯ ಬಡತನ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಅದಕ್ಕೆ ಪುರುಸೊತ್ತು ಬೇಕು, ಒಂದು ಇನ್‌ಲ್ಯಾಂಡಿನಷ್ಟು ಜಾಗ ಬೇಕು.

ಈಗಿನ ಹುಡುಗರು ಬೆಂಗಳೂರಿನ ಪೀಜಿಯಿಂದ ‘ಮಿಸ್ ಯೂ ಆಯಿ’ ಎಂದು ವಾಟ್ಸಾಪಿನಲ್ಲಿ ಹಾಕುತ್ತಾರೆ, ಹಿಂದೆ ಒಂದು ಕೆಂಪು ಹೃದಯ. ನಾನು ಇದನ್ನು ಗೇಲಿ ಮಾಡುವವಳಲ್ಲ. ತಾಯಿಯ ಎದುರು ನಿಂತು ಅಂಥ ಮಾತು ಹೇಳಲು ನಾಲಿಗೆ ಏಳದ ಹುಡುಗ ಪರಭಾಷೆಯ ಎರಡು ಶಬ್ದದ ಮರೆಯಲ್ಲಿ ನಿಂತು ಹೇಳಿಬಿಡುತ್ತಾನೆ. ಕನ್ನಡದಲ್ಲಿ ಹೇಳು ಎಂದರೆ ಹೇಳದೆಯೇ ಇರುತ್ತಿದ್ದ. ಊರಲ್ಲಿ ನಮ್ಮ ಪಕ್ಕದ ಮನೆಯ ಅತ್ತೆಗೆ ಮಾತ್ರ ಇದು ಸಮಾಧಾನ ತಂದಿಲ್ಲ. ‘ದಿನಾ ಮಿಸ್ ಯೂ ಹೇಳಿ ಹಾಕ್ತ. ಬಾ ಅಂದ್ರೆ ರಜೆ ಇಲ್ಲೆ ಹೇಳ್ತ.’

ಮಗ ಬರುವುದು ಮಾರಿಕಾಂಬಾ ಜಾತ್ರೆಗೆ. ಅದು ಎರಡು ವರ್ಷಕ್ಕೊಮ್ಮೆ, ಹಾಗಾಗಿ ಶಿರಸಿಯವರಿಗೆ ಮಿಸ್ ಮಾಡ್ಕೊಳ್ಳುವುದು ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ; ಒಮ್ಮೆ ತಪ್ಪಿದರೆ ಮುಂದಿನ ಜಾತ್ರೆಯವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಜಾತ್ರೆಯ ಆಸುಪಾಸಿನಲ್ಲೇ ಮದುವೆ, ಉಪನಯನಗಳ ಕರೆಯೂ ಶುರುವಾಗುತ್ತದೆ. ಅಚ್ಚು ಹಾಕಿದ ಪತ್ರಿಕೆಯಲ್ಲಿ ‘ತಪ್ಪದೇ ಆಗಮಿಸಿ’ ಇರುತ್ತದೆ. ಅದರ ಫೋಟೋ ತೆಗೆದು ಗ್ರೂಪಿಗೆ ಹಾಕುವಾಗ ಕೆಳಗೆ ‘ಡೋಂಟ್ ಮಿಸ್’ ಬರುತ್ತದೆ. ಮನೆಗೇ ಬಂದು ಕರೆಯುವವರು ಆಸರಿಗೆ ಕುಡಿದು, ಕವಳ ಹಾಕಿ, ಮೆಟ್ಟಿಲಿಳಿಯುವಾಗ ತಿರುಗಿ ‘ತಪ್ಸಡಿ (ತಪ್ಪಿಸಬೇಡಿ) ಮತ್ತೆ’ ಎನ್ನುತ್ತಾರೆ. ಗ್ರೂಪಿನ ಕರೆಗೆ ಹೆಬ್ಬೆರಳು ಒತ್ತಿ ಸುಮ್ಮನಿರಬಹುದು. ಮೆಟ್ಟಿಲ ಮೇಲೆ ಕರೆದವರ ಮನೆಗೆ ಮಳೆ ಬರಲಿ, ಬಸ್ಸು ಹೋಗಲಿ, ಊಟದ ಹೊತ್ತಿಗೆ ಮುಟ್ಟಲೇಬೇಕು.